ನೀವು ಹೊಡೆದುಹಾಕಿದ ಸಾಲು ಈಗ ಕಲ್ಲಿನಲ್ಲಿದೆ

ಸಾರ್ವಜನಿಕ ಬರಹಗಳ ಅನುಮೋದನಾಧಿಕಾರಿಗಳಾದ ಮಾನ್ಯರೇ,

ನನ್ನ ಹೆಂಡತಿಯ ಸಮಾಧಿಯ ಕಲ್ಲನ್ನು ಒಂದು ವಾರದೊಳಗೆ ಕಿತ್ತುಹಾಕಬೇಕೆಂದು ನೀವು ನನಗೆ ನೋಟೀಸು ಕಳಿಸಿದ್ದೀರಿ. ನಾನು ಕೀಳದಿದ್ದರೆ ನಿಮ್ಮ ಆಳುಗಳು ಬಂದು ಕೀಳುತ್ತಾರಂತೆ. ಅದನ್ನು ಕೆತ್ತಿದ ಕಲ್ಲುಕುಟಿಗನ ಪರವಾನಗಿಯೂ ರದ್ದಾಗುತ್ತದಂತೆ. ಕಾರಣ, ಆ ಕಲ್ಲಿನ ಬರಹವು 'ಆಡಳಿತದ ಬಗ್ಗೆ ಸಾರ್ವಜನಿಕರಲ್ಲಿ ಅಪನಂಬಿಕೆ' ಮೂಡಿಸುತ್ತಿದೆ. ಮಾನ್ಯರೇ, ಆ ಬರಹದಲ್ಲಿ ಅರ್ಧಕ್ಕೂ ಹೆಚ್ಚು ಭಾಗ ತಮ್ಮದು. ಕೈಬರಹ ತಮ್ಮದು, ಷರಾ ತಮ್ಮದು, ಸಹಿ ತಮ್ಮದು, ದುಂಡು ಮೊಹರು ತಮ್ಮದು. ಅಪನಂಬಿಕೆ ಮೂಡಿಸಿದವರು ಯಾರೆಂದು ಹುಡುಕುವವರು ಮೊದಲು ಕನ್ನಡಿ ಇರುವ ಕೋಣೆಗೆ ಹೋಗುವುದು ಒಳ್ಳೆಯದು.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ನಿಮಗೇ ಬರೆದಿದ್ದೆ. ವಿತ್ ಡ್ಯೂ ರೆಸ್ಪೆಕ್ಟ್ ಎಂದೇ ಶುರುಮಾಡಿದ್ದೆ. ಕಾಲೇಜಿನಲ್ಲಿ ಡ್ಯೂ ಎಂದರೆ ಬಾಕಿ ಎಂದು ನಾನು ತಿಳಿದುಕೊಂಡಿದ್ದೆ. ನಿಮ್ಮ ಕಚೇರಿಯ ಬೆಂಚಿನ ಮೇಲೆ ಕೂತೆದ್ದ ಮೇಲೆ ಆ ಅರ್ಥವೇನೂ ಅಷ್ಟು ತಪ್ಪಲ್ಲ ಅನ್ನಿಸಿದೆ. ಉತ್ತರ ಬರಲಿಲ್ಲ. ಆದ್ದರಿಂದ ಈಗ ಊರಿನ ಎದುರಿಗೇ ಮಾತಾಡುತ್ತಿದ್ದೇನೆ. ವಯಸ್ಸಾದವನ ಮಾತು, ಅಲ್ಲಿ ಇಲ್ಲಿ ಹರಿಯುತ್ತದೆ. ದಯವಿಟ್ಟು ಕೆಂಪು ಶಾಯಿಯ ಪೆನ್ನನ್ನು ಸ್ವಲ್ಪ ಹೊತ್ತು ಜೇಬಿನಲ್ಲೇ ಇಟ್ಟುಕೊಂಡು ಓದಿ.

ಮೊದಲು ನನ್ನಾಕೆಯ ವಿಷಯ. ಅವಳು ಚಿಕ್ಕಮಕ್ಕಳ ಶಾಲೆಯ ಟೀಚರು. ಮಕ್ಕಳು ಅವಳನ್ನು 'ಯಾಕೆ ಮಿಸ್' ಎನ್ನುತ್ತಿದ್ದರು. ಆ ವಯಸ್ಸಿನ ಮಕ್ಕಳು ದಿನವಿಡೀ ಯಾಕೆ ಯಾಕೆ ಎಂದು ಪ್ರಾಣ ತಿನ್ನುತ್ತವಲ್ಲ, ಉಳಿದ ಟೀಚರುಗಳು ಬಾಯಿ ಮುಚ್ಚಿ ಕೂತ್ಕೋ ಎಂದರೆ ಇವಳು ಮಾತ್ರ ಉತ್ತರ ಹೇಳುತ್ತಿದ್ದಳು. ಗೊತ್ತಿಲ್ಲದಿದ್ದರೆ 'ನಾಳೆ ಕೇಳ್ಕೊಂಡು ಬಂದು ಹೇಳ್ತೀನಿ' ಅನ್ನುತ್ತಿದ್ದಳು. ಆಮೇಲೆ ನನ್ನ ಸರದಿ. ಊಟದ ತಟ್ಟೆಯ ಮುಂದೆ ಕೂತವನಿಗೆ, ಇರುವೆಗಳು ಎದುರಾದಾಗ ಮುಖಕ್ಕೆ ಮುಖ ಯಾಕೆ ತಾಗಿಸುತ್ತವೆ, ಬೇಗ ಹೇಳಿ, ನಾಳೆ ಹೇಳಬೇಕು ಎಂದರೆ ನಾನೇನು ಹೇಳಲಿ? ಗೊತ್ತಿಲ್ಲ ಎಂದರೆ ಸಾರು ಬಡಿಸುವ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು. ಉತ್ತರ ಸಿಗದ ಪ್ರಶ್ನೆ ಅವಳಿಗೆ ಗಂಟಲಲ್ಲಿ ಸಿಕ್ಕ ಮುಳ್ಳು.

ಅವಳ ಶಾಲೆಗೆ ಹೊಸ ಕಟ್ಟಡ ಬಂತು. ಟೇಪು ಕತ್ತರಿಸಿದರು, ಭಾಷಣವಾಯಿತು, ಬಾಗಿಲ ಮೇಲೆ ಹಿತ್ತಾಳೆಯ ಫಲಕ ಹಾಕಿದರು. ಟೇಪು ಕತ್ತರಿಸಿದವರ ಹೆಸರು ಆ ಫಲಕದಲ್ಲಿ ಇಷ್ಟು ದೊಡ್ಡ ಅಕ್ಷರದಲ್ಲಿತ್ತು. ಮಾರನೆಯ ವರ್ಷ ಚಾವಣಿ ಬಿತ್ತು. ಆ ಹೊತ್ತಿಗೆ ನನ್ನಾಕೆ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆತಂದು ನೆರಳು ಹೇಗೆ ಸರಿಯುತ್ತದೆ ಎಂದು ಕೋಲು ನೆಟ್ಟು ತೋರಿಸುತ್ತಿದ್ದಳು. ಒಂದು ಹುಡುಗಿ ಮಾತ್ರ ಪೆನ್ಸಿಲ್ ಡಬ್ಬಿ ಮರೆತೆನೆಂದು ಒಳಗೆ ಓಡಿದ್ದಳು. ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ. ಅಂದರೆ ಕೈ ಇದೆ, ಕೈಯ ಕೆಲಸ ಇಲ್ಲ.

ಈ ಸಲ ಪ್ರಶ್ನೆ ಯಾವ ಮಗುವೂ ಕೇಳಲಿಲ್ಲ. ನನ್ನಾಕೆಯೇ ಕೇಳಿದಳು. ಈ ಚಾವಣಿ ಗಟ್ಟಿಯಾಗಿದೆ ಎಂದು ಸಹಿ ಹಾಕಿದವರು ಯಾರು? ಅಷ್ಟೇ. ಅವರನ್ನು ಜೈಲಿಗೆ ಹಾಕಿ ಅನ್ನಲಿಲ್ಲ, ಪರಿಹಾರ ಕೊಡಿ ಅನ್ನಲಿಲ್ಲ. ಯಾರು? ಎರಡಕ್ಷರ.

ಇಲ್ಲಿ ನನ್ನ ಕಸುಬಿನ ಮಾತೊಂದನ್ನು ಹೇಳಲೇಬೇಕು. ನಾನು ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರನಾಗಿದ್ದವನು. ಅಂಗಡಿಯ ತಕ್ಕಡಿ, ತೂಕದ ಬಟ್ಟು, ಲೀಟರಿನ ಅಳತೆ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಕೆಲಸ. ಆ ಮುದ್ರೆಯ ಒಳಗೆ ನನ್ನ ಗುರುತಿನ ಸಂಖ್ಯೆ ಇರುತ್ತಿತ್ತು. ಯಾಕೆ? ನಾಳೆ ಆ ಬಟ್ಟು ಕಡಿಮೆ ತೂಗಿದರೆ, ಈ ಮುದ್ರೆ ಒತ್ತಿದ ಮಹಾನುಭಾವ ಯಾರು ಎಂದು ಯಾವ ಗಿರಾಕಿ ಬೇಕಾದರೂ ಬಂದು ನನ್ನ ಕೊರಳಪಟ್ಟಿ ಹಿಡಿಯಲಿ ಎಂದು. ಕಾಲು ಕಿಲೋ ಬಟ್ಟಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ನಲವತ್ತು ಮಕ್ಕಳ ತಲೆಯ ಮೇಲಿನ ಚಾವಣಿಯ ಹಿಂದೆ ಯಾರೂ ಇರುವುದಿಲ್ಲವೇ? ಅದೇನು ಆಕಾಶದಿಂದ ತಾನಾಗಿ ಇಳಿದು ಗೋಡೆಗಳ ಮೇಲೆ ಕೂತಿತ್ತೇ?

ತಿಂಗಳಿಗೊಂದು ಸಾರ್ವಜನಿಕ ಸಭೆ ಇದೆಯಲ್ಲ, ನಾಗರಿಕರು ಮುಕ್ತವಾಗಿ ಪ್ರಶ್ನೆ ಕೇಳಬಹುದು ಎಂದು ಬೋರ್ಡು ಹಾಕುತ್ತೀರಲ್ಲ, ಅಲ್ಲಿಗೆ ಅವಳು ಹೋದಳು. ವಿಚಾರಣೆ ನಡೆಯುತ್ತಿದೆ ಎಂದರು. ಮುಂದಿನ ತಿಂಗಳು ಹೋದಳು. ಕಡತ ಬೇರೆ ಶಾಖೆಯಲ್ಲಿದೆ ಎಂದರು. ಮತ್ತೆ ಹೋದಾಗ, ಒಮ್ಮೆ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳುವಂತಿಲ್ಲ ಎಂಬ ಹೊಸ ನಿಯಮವನ್ನು ಓದಿ ಹೇಳಿದರು. ಇವಳು ಬಿಟ್ಟಾಳೆಯೇ? ಬೇರೆ ಮಾತಿನಲ್ಲಿ ಕೇಳಿದಳು. ಆಗ ಮೈಕು ಆರಿಸಿದರು. ಮಾನ್ಯರೇ, ಚಿಕ್ಕಮಕ್ಕಳ ಟೀಚರಿಗೆ ಮೈಕು ಆರಿಸುವುದು ಮೀನಿನ ಕೊಡೆ ಕಿತ್ತುಕೊಂಡ ಹಾಗೆ. ಅವಳ ದನಿ ಸಭಾಂಗಣದ ಹೊರಗೆ ಸೈಕಲ್ ನಿಲ್ಲಿಸುವವನಿಗೂ ಕೇಳಿಸಿತು. ಕೊನೆಗೆ ಅವಳ ಹೆಸರನ್ನೇ ಬಾಗಿಲಲ್ಲಿ ಬರೆದಿಟ್ಟು, ಇವರನ್ನು ಒಳಗೆ ಬಿಡಬೇಡಿ ಎಂದರು. ಹೀಗೆ ಕೇಳುತ್ತ ಕೇಳುತ್ತ ಹದಿನೈದು ವರ್ಷ ಕಳೆದಿತ್ತು, ಅಷ್ಟರಲ್ಲಿ ಕಾಯಿಲೆಯೂ ಅವಳ ಒಳಗೆ ಬಂದು ಕೂತಿತ್ತು. ಅದಕ್ಕೆ ಯಾವ ಬಾಗಿಲಲ್ಲೂ ತಡೆ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ನನ್ನಿಂದ ಒಂದೇ ಮಾತು ಪಡೆದಳು. ಮಗಳು ಕಿಟಕಿಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದಳು.

"ಕಲ್ಲಿನ ಮೇಲೆ ಪ್ರೀತಿಯ ಮಡದಿ ಗಿಡದಿ ಅಂತೆಲ್ಲ ಬರೆಸ್ಬೇಡಿ," ಅಂದಳು. "ನಾನು ಕೇಳಿದ್ದನ್ನ ಬರೆಸಿ. ಉತ್ರ ಬರ್ಲಿಲ್ಲ ಅಂತಾನೂ ಬರೆಸಿ."

"ಅಮ್ಮಾ, ಕಲ್ಲಿನ ಮೇಲೆ ಪ್ರಶ್ನೆ ಯಾರಾದ್ರೂ ಬರೆಸ್ತಾರಾ?" ಎಂದು ಮಗಳು ನಗಿಸಲು ನೋಡಿದಳು.

"ಯಾಕೆ ಬರೆಸಬಾರ್ದು?" ಎಂದಳು ಯಾಕೆ ಮಿಸ್.

ಅದಕ್ಕೆ ಉತ್ತರ ನಿಮ್ಮ ಹತ್ತಿರ ಇತ್ತು. ಸಮಾಧಿಯ ಬರಹವೂ ಸಾರ್ವಜನಿಕ ಬರಹವೇ, ಆದ್ದರಿಂದ ಕೆತ್ತುವ ಮೊದಲು ನಿಮ್ಮ ಒಪ್ಪಿಗೆ ಬೇಕು ಎಂಬುದು ಹೆಂಡತಿ ಸತ್ತ ಮೇಲೆ ನನಗೆ ದೊರೆತ ಮೊದಲ ಜ್ಞಾನ. ನಿಮ್ಮ ಕೌಂಟರಿನ ಹುಡುಗಿ ಒಳ್ಳೆಯವಳು. ನನಗೆ ನೀರು ಕೊಟ್ಟು, ಅನುಮೋದಿತ ನುಡಿಗಳ ಒಂದು ಪುಸ್ತಕವನ್ನೂ ಕೊಟ್ಟಳು. ಮಮತಾಮಯಿ, ಶಾಂತಮೂರ್ತಿ, ಮೃದುಭಾಷಿಣಿ, ಎಲ್ಲರಿಗೂ ಬೇಕಾದವರು. ಪುಟ ತಿರುವಿದಂತೆಲ್ಲ ನನಗೆ ಬೇರೆ ಯಾರದೋ ಹೆಂಡತಿಯನ್ನು ಕಳೆದುಕೊಂಡ ಹಾಗಾಯಿತು. ಇದರಲ್ಲಿ ಯಾವುದಾದರೂ ಒಂದು ಹಾಕಿಸಿಬಿಡಿ ಅಂಕಲ್, ಇವತ್ತೇ ಮೊಹರು ಬೀಳುತ್ತದೆ, ಎಲ್ಲರೂ ಹಾಗೇ ಮಾಡುವುದು ಎಂದಳು. ಎಲ್ಲರೂ ಹಾಗೇ ಮಾಡಿದ್ದರಿಂದಲೇ ನಮ್ಮ ಊರಿನ ಸ್ಮಶಾನದಲ್ಲಿ ಜಗಳಗಂಟಿ ಒಬ್ಬಳೂ ಇಲ್ಲ, ಸುಳ್ಳುಗಾರ ಒಬ್ಬನೂ ಇಲ್ಲ. ಇಷ್ಟು ಒಳ್ಳೆಯ ಜನರೆಲ್ಲ ಸತ್ತುಹೋದ ಮೇಲೆ ಊರಿನಲ್ಲಿ ಉಳಿದವರು ನಾನು, ನೀವು.

ನಿಮ್ಮ ಪದ್ಧತಿ ಓದುಗರಿಗೂ ಗೊತ್ತಾಗಲಿ. ಕಲ್ಲಿನ ಅಳತೆಯದೇ ಒಂದು ತೆಳು ಹಾಳೆಯ ಮೇಲೆ ಬರಹವನ್ನು ಪೂರ್ತಿ ಗಾತ್ರದಲ್ಲಿ ಬರೆದು ನಿಮಗೆ ಕೊಡಬೇಕು. ನೀವು ನೋಡಿ ಮೊಹರು ಹಾಕಿ ಹಾಳೆಯನ್ನು ನೇರವಾಗಿ ಕಲ್ಲುಕುಟಿಗನಿಗೆ ಕಳಿಸುತ್ತೀರಿ. ಅವನು ಅದೇ ಹಾಳೆಯನ್ನು ಕಲ್ಲಿಗೆ ಅಂಟಿಸಿ, ಗೆರೆಯ ಮೇಲೆ ಉಳಿ ಇಟ್ಟು ಕೆತ್ತುತ್ತಾನೆ. ಹಾಳೆ ಚೂರಾಗಿ ಉದುರುತ್ತದೆ, ಬರಹ ಕಲ್ಲಿನಲ್ಲಿ ಉಳಿಯುತ್ತದೆ. ನಾನು ಕೊಟ್ಟ ಹಾಳೆಯಲ್ಲಿ ಅವಳ ಹೆಸರು, ಹುಟ್ಟಿದ್ದು, ಹೋದದ್ದು, ಅದರ ಕೆಳಗೆ 'ಶಾಲೆಯ ಚಾವಣಿಗೆ ಸಹಿ ಹಾಕಿದವರು ಯಾರು ಎಂದು ಕೇಳಿದಳು. ಉತ್ತರ ಬರಲಿಲ್ಲ' ಎಂದಿತ್ತು.

ಅದನ್ನು ಕಳಿಸಿ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ಮಗಳ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದೆ. ಕಲ್ಲು ನಿಲ್ಲಿಸಿದ್ದೇವೆ ಎಂದು ಕಲ್ಲುಕುಟಿಗ ಹೇಳಿಕಳಿಸಿದಾಗ ಮಗಳ ಕೈ ಹಿಡಿದು ಹೋದೆ. ಹೊಸ ಕಣ್ಣಿನಿಂದ ನಾನು ಸರಿಯಾಗಿ ಓದಿದ ಮೊದಲ ಬರಹ ಅದು. ಅವಳ ಹೆಸರಿತ್ತು. ಪ್ರಶ್ನೆಯೂ ಇತ್ತು. ಆ ಪ್ರಶ್ನೆಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದಿತ್ತು, ಕಲ್ಲಿನಲ್ಲಿ, ಬೆರಳು ಓಡಿಸುವಷ್ಟು ಆಳಕ್ಕೆ. ಕೆಳಗೆ ತಮ್ಮ ಓರೆ ಅಕ್ಷರದಲ್ಲೇ, 'ಆಡಳಿತದ ಬಗ್ಗೆ ಸಾರ್ವಜನಿಕರಲ್ಲಿ ಅಪನಂಬಿಕೆ ಮೂಡಿಸುವ ಸಂಭವವಿರುವುದರಿಂದ ಈ ಸಾಲನ್ನು ತೆಗೆಯಲಾಗಿದೆ.' ಅದರ ಕೆಳಗೆ ತಮ್ಮ ಸಹಿ, ಬಾಲ ಎಳೆದಿರುವುದೂ ಸೇರಿ. ಪಕ್ಕದಲ್ಲಿ ದುಂಡು ಮೊಹರು, ಒಂದು ಕಡೆ ಶಾಯಿ ಹರಡಿದ್ದು ಕೂಡ ತಪ್ಪದ ಹಾಗೆ.

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದು ಬೆನ್ನು ಸವರಲು ಹೋದರೆ ನಗುತ್ತಿದ್ದಳು. ಆಮೇಲೆ ಅತ್ತಳು, ಅದು ಬೇರೆ.

ಕಲ್ಲುಕುಟಿಗನನ್ನು ಕೇಳಿದೆ, ಏನಪ್ಪಾ ಇದು ಎಂದು. ಅವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಅವನು ಮೊದಲೊಮ್ಮೆ ಯಾರದೋ ಹಾಳೆಯಲ್ಲಿ ಒಂದು ದೀರ್ಘ ಬಿಟ್ಟುಹೋದದ್ದನ್ನು ಕಂಡು, ಪಾಪ ಎಂದು ತಾನೇ ಸೇರಿಸಿ ಕೆತ್ತಿದ್ದನಂತೆ. ಅನುಮತಿ ಇಲ್ಲದ ಅಕ್ಷರ ಎಂದು ನಿಮ್ಮ ಕಚೇರಿಯವರು ಇಡೀ ಕಲ್ಲನ್ನು ಅವನ ಕೈಯಲ್ಲೇ ಒಡೆಸಿದ್ದರಂತೆ.

"ಯಜಮಾನ್ರೇ, ಅವತ್ತಿಂದ ನಾನು ಅಕ್ಷರ ನೋಡಲ್ಲ, ಗೆರೆ ನೋಡ್ತೀನಿ," ಎಂದ. "ಮೊಹರು ಬಿದ್ದಿರೋ ಹಾಳೇಲಿ ನೊಣ ಕೂತು ಸತ್ತಿದ್ರೂ ನೊಣ ಕೆತ್ತುತ್ತೀನಿ."

ಹಾಳೆಯ ಅಡಿಯಲ್ಲಿ ತಾವೇ ಅಚ್ಚು ಹಾಕಿಸಿದ ನಿಯಮವೂ ಅವನ ಪರವೇ ಇದೆ. 'ಈ ಹಾಳೆಯಲ್ಲಿ ಕಾಣುವುದನ್ನು ಕೂಡಿಸದೆ ಕಳೆಯದೆ ಕೆತ್ತತಕ್ಕದ್ದು.' ಅವನು ಕೂಡಿಸಲಿಲ್ಲ, ಕಳೆಯಲಿಲ್ಲ. ಹೆದರಿದ ಮನುಷ್ಯ ಎಷ್ಟು ಚೆನ್ನಾಗಿ ಹೇಳಿದ್ದು ಕೇಳುತ್ತಾನೆ ನೋಡಿ. ಜನರನ್ನು ಯೋಚಿಸದ ಹಾಗೆ ಪಳಗಿಸಿದವರಿಗೆ, ಅವರು ಯೋಚಿಸದೆ ಮಾಡಿದ ಕೆಲಸ ಕಂಡು ಸಿಟ್ಟು ಬರುವುದು ಯಾವ ನ್ಯಾಯ? ಅವನ ಪರವಾನಗಿ ಕಿತ್ತುಕೊಳ್ಳುವ ಬದಲು ನಿಮ್ಮ ಗೋಡೆಯ ಮೇಲೆ ಅವನ ಫೋಟೋ ಹಾಕಿಸಬೇಕು. ಇಷ್ಟು ವಿಧೇಯ ಪ್ರಜೆ ನಿಮಗೆ ಎಲ್ಲಿ ಸಿಗುತ್ತಾನೆ?

ಈಗ ನಿಮ್ಮ ನಿಜವಾದ ಸಂಕಟಕ್ಕೆ ಬರೋಣ. ಪಕ್ಕದ ಸಮಾಧಿಗೆ ಬಂದವರು ಇದನ್ನೂ ಓದತೊಡಗಿದರು. ಓದಿದವರು ಇನ್ನೊಬ್ಬರನ್ನು ಕರೆತಂದರು. ಸಹಿ ಹಾಕಿದವರು ಯಾರು ಎಂದು ಮೇಲೆ ಪ್ರಶ್ನೆ ಇದೆ, ಕೆಳಗೆ ಒಂದು ಸಹಿ ಇದೆ. ಓದಿದವರು ಏನು ತಿಳಿಯಬೇಕು? ಓಹೋ, ಇವರೇ ಎಂದು ತಿಳಿದರು. ನೋಟೀಸಿನಲ್ಲಿ ತಾವು ಅದನ್ನೇ ಬರೆದಿದ್ದೀರಿ, 'ಚಾವಣಿಗೆ ಸಹಿ ಹಾಕಿದವರು ಈ ಅಧಿಕಾರಿಯೇ ಎಂಬ ತಪ್ಪು ಗ್ರಹಿಕೆಗೆ ಎಡೆಯಾಗಿದೆ.' ಮಾನ್ಯರೇ, ಇದು ಅನ್ಯಾಯ, ಒಪ್ಪುತ್ತೇನೆ. ಮಾಡದ ತಪ್ಪಿಗೆ ನಿಮ್ಮ ಸಹಿ ಎಲ್ಲರ ಬಾಯಲ್ಲಿ ಇರಬಾರದು. ಆದರೆ ಕುಂಬಳಕಾಯಿ ಕಳ್ಳ ಯಾರು ಎಂದು ಕೇಳಿದ ಪ್ರಶ್ನೆಯನ್ನೇ ಅಳಿಸಲು ಹೋದವನ ಹೆಗಲನ್ನು ಜನ ನೋಡದೆ ಇರುತ್ತಾರೆಯೇ?

ನೋಟೀಸಿಗೆ ಮೊದಲೊಮ್ಮೆ ನಾನು ನಿಮ್ಮ ಎದುರಿಗೂ ಬಂದು ಕೂತಿದ್ದೆ. ತಾವು ನನಗೆ ಕುರ್ಚಿ ತೋರಿಸಿದಿರಿ, ಮೇಜಿನ ಗಾಜಿನ ಕೆಳಗೆ ತಮ್ಮ ಮೊಮ್ಮಕ್ಕಳ ಫೋಟೋ ಇತ್ತು. ತಮ್ಮ ಮಾತು ಮೃದುವಾಗಿಯೇ ಇತ್ತು.

"ನಿಮ್ಮ ಮನೆಯವರ ಮೇಲೆ ನಮಗೇನೂ ಇಲ್ಲ, ನೋಡಿ. ಕಲ್ಲಿನ ಮೇಲೆ ಬೇಡ ಅಷ್ಟೇ. ಅಂಥದ್ದನ್ನ ಸಭೇಲಿ ಕೇಳಬಹುದಿತ್ತಲ್ಲ?"

ಸ್ವಾಮೀ, ನಾನು ಎದ್ದು ಬಂದೆ. ದಾರಿಯುದ್ದಕ್ಕೂ ಯೋಚಿಸಿದೆ, ಇವರಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಹೇಳಿದರೋ ಎಂದು. ಯಾವುದು ಹೆಚ್ಚು ಕೆಟ್ಟದ್ದು ಎಂದು ಇನ್ನೂ ತೀರ್ಮಾನಿಸಲು ಆಗಿಲ್ಲ. ಸಭೆಯಲ್ಲಿ ಕೇಳಿದರೆ ಕಡತ ನೋಡಿ ಎನ್ನುವುದು, ಕಡತ ಕೇಳಿದರೆ ಸಭೆಗೆ ಬನ್ನಿ ಎನ್ನುವುದು, ಎರಡು ಕಡೆಯೂ ಬಾಗಿಲು ಹಾಕಿದ ಮೇಲೆ, ನಮ್ಮಲ್ಲಿ ಮಾತಿಗೆ ಪೂರ್ಣ ಸ್ವಾತಂತ್ರ್ಯವಿದೆ ಎಂದು ಬಾಗಿಲ ಮೇಲೆಯೇ ಬರೆಯುವುದು. ಇದಕ್ಕೆ ಸರ್ಕಾರ ನಡೆಸುವುದು ಎಂದು ಹೆಸರೋ, ಕಣ್ಣಾಮುಚ್ಚಾಲೆ ಎಂದೋ?

ನಾನು ಮಾತಿಗೆ ಮಿತಿಯೇ ಬೇಡ ಎನ್ನುವ ಮೂರ್ಖನಲ್ಲ. ರೀಸನಬಲ್ ರಿಸ್ಟ್ರಿಕ್ಷನ್ಸ್ ಎಂಬುದನ್ನು ನಾನೂ ಉರುಹೊಡೆದು ಪಾಸಾದವನು. ನಮ್ಮ ಬೀದಿಯಲ್ಲಿ ಒಬ್ಬಾತ ಹಾಲಿನವನ ಮೇಲಿನ ಸಿಟ್ಟಿಗೆ, ಇವನು ಹಾಲಿಗೆ ವಿಷ ಬೆರೆಸುತ್ತಾನೆ ಎಂದು ಕಂಬಕಂಬಕ್ಕೂ ಚೀಟಿ ಅಂಟಿಸಿದ್ದ. ಜನ ದೊಣ್ಣೆ ಹಿಡಿದು ಹಾಲಿನವನ ಮನೆ ಮುಂದೆ ನಿಂತಿದ್ದರು. ಆ ಚೀಟಿ ಕೀಳಿಸಿದ್ದು ಸರಿ. ಅಂಟಿಸಿದವನನ್ನು ಕರೆಸಿ, ಸಾಕ್ಷಿ ಕೇಳಿ, ಎರಡೂ ಕಡೆಯ ಮಾತು ಆಲಿಸಿ, ಕಾರಣ ಹೇಳಿ ದಂಡ ಹಾಕಿದ್ದೂ ಸರಿ. ಅದು ಸುಳ್ಳು, ಅದರಿಂದ ಒಬ್ಬ ಮನುಷ್ಯನ ತಲೆ ಒಡೆಯುತ್ತಿತ್ತು. ನನ್ನಾಕೆಯ ಸಾಲಿನಿಂದ ಯಾರ ತಲೆ ಒಡೆಯುತ್ತದೆ? ಒಡೆಯಬೇಕಾದದ್ದೆಲ್ಲ ಆ ಚಾವಣಿಯಿಂದ ಆಗಲೇ ಒಡೆದಿದೆ. ಅವಳು ಕೇಳಿದ್ದು ಸುಳ್ಳೇ? ಕೇಳಿದ್ದು ನಿಜ. ಉತ್ತರ ಬಾರದ್ದು ಸುಳ್ಳೇ? ಹಾಗಾದರೆ ಆ ಉತ್ತರವನ್ನು ತೋರಿಸಿ. ನಮ್ಮ ಕಾಲೇಜಿನ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು, ಎಕ್ಸೆಪ್ಷನ್ ಶುಡ್ ನಾಟ್ ಈಟ್ ದಿ ರೂಲ್ ಎಂದೋ, ಸ್ವಾಲೋ ಎಂದೋ, ಕ್ರಿಯಾಪದ ಮರೆತಿದ್ದೇನೆ, ಒಟ್ಟಿನಲ್ಲಿ ತಿನ್ನುವ ವಿಷಯ. ಕನ್ನಡದಲ್ಲಿ ಅದನ್ನು ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರೆ. ಮಿತಿ ಎಂಬುದು ಮಾತಿನ ಸುತ್ತ ಹಾಕುವ ಬೇಲಿ. ನೀವು ಬೇಲಿಯನ್ನು ತಂದು ಹೊಲದ ನಟ್ಟನಡುವೆ ಮಲಗಿಸಿ, ನೋಡಿ ಎಷ್ಟು ಭದ್ರವಾಗಿದೆ ಎನ್ನುತ್ತೀರಿ.

ಇನ್ನು ಅಪನಂಬಿಕೆಯ ಮಾತು. ತಕ್ಕಡಿ ಸರಿ ಇದ್ದ ಅಂಗಡಿಯವನು ನನ್ನನ್ನು ಕಂಡರೆ ಬನ್ನಿ ಸಾರ್, ನೋಡಿ ಸಾರ್ ಎಂದು ತಾನೇ ಬಟ್ಟುಗಳನ್ನು ಮುಂದಿಡುತ್ತಿದ್ದ. ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಅಂಟಿಸಿಕೊಂಡವನು ಮಾತ್ರ, ಏನ್ಸಾರ್, ನನ್ನ ಮೇಲೇ ಅನುಮಾನವಾ ಎಂದು ಮುನಿಸಿಕೊಳ್ಳುತ್ತಿದ್ದ. ಇಡೀ ನೌಕರಿಯಲ್ಲಿ ಈ ಗುರುತು ನನಗೆ ಒಮ್ಮೆಯೂ ಮೋಸ ಮಾಡಲಿಲ್ಲ. ನಂಬಿಕೆ ಎನ್ನುವುದು ಪರೀಕ್ಷೆ ಮಾಡಿಸಿಕೊಂಡವನಿಗೆ ಸಿಗುವ ಮುದ್ರೆ. ಕೇಳುವವರ ಬಾಯಿ ಮುಚ್ಚಿಸಿದರೆ ಸಿಗುವುದು ಬರಿಯ ಸದ್ದಿಲ್ಲದ ಸ್ಥಿತಿ. ಅದು ಸ್ಮಶಾನದಲ್ಲಿ ಧಾರಾಳವಾಗಿದೆ. ಈಗ ಅಲ್ಲೂ ಸಾಲದು ಅನ್ನಿಸಿ ಕೆಂಪು ಪೆನ್ನು ಹಿಡಿದು ಅಲ್ಲಿಗೂ ಬಂದಿದ್ದೀರಿ.

ನಿಜ ಹೇಳಬೇಕೆಂದರೆ, ನೋಟೀಸು ಬಂದ ದಿನ ನಾನು ಸೋತಿದ್ದೆ. ಕಲ್ಲುಕುಟಿಗನ ಮನೆಯಲ್ಲಿ ಉಣ್ಣುವ ಬಾಯಿಗಳಿವೆ. ಮಗಳೂ ಹೇಳಿದಳು, ಅಪ್ಪಾ, ಬಿಟ್ಟುಬಿಡೋಣ, ಅಮ್ಮನಿಗೆ ಕಲ್ಲೇ ಬೇಡ, ಒಂದು ಗಿಡ ನೆಡೋಣ, ಗಿಡಕ್ಕೆ ಯಾರೂ ಮೊಹರು ಕೇಳುವುದಿಲ್ಲ ಎಂದು. ಸರಿ ಎಂದುಕೊಂಡು, ಕಲ್ಲು ಇಳಿಸಲು ಯಾವಾಗ ಬರುತ್ತೀ ಎಂದು ಕೇಳಲು ಕಲ್ಲುಕುಟಿಗನ ಹತ್ತಿರ ಹೊರಟಿದ್ದೆ. ದಾರಿಯಲ್ಲಿ ಸ್ಮಶಾನ. ಸುಮ್ಮನೆ ಒಳಗೆ ಹೋದೆ. ಕಲ್ಲಿನ ಮುಂದೆ ಒಬ್ಬ ಹೆಂಗಸು ನಿಂತಿದ್ದಳು, ಬಸ್ ನಿಲ್ದಾಣದ ಟಿಕೆಟ್ ಕೌಂಟರಿನವರ ನೀಲಿ ಕೋಟು ಹಾಕಿದ್ದಳು. ಎಡಗೈಯ ಬೆರಳನ್ನು ಅವಳು ನೀವು ಎಳೆದ ಆ ಗೆರೆಯ ಉದ್ದಕ್ಕೂ ಓಡಿಸುತ್ತಿದ್ದಳು. ಬಲಗೈ ಕೋಟಿನ ಜೇಬಿನಲ್ಲಿತ್ತು. ಅದನ್ನು ನೋಡಿ ಯಾರೆಂದು ತಿಳಿಯಿತು. ನನ್ನನ್ನು ಅವಳು ಗುರುತು ಹಿಡಿದಳು. ಮಿಸ್ ಮನೆಯಲ್ಲಿ ಚಕ್ಕುಲಿ ಡಬ್ಬಿಯನ್ನು ಕಪಾಟಿನ ಮೇಲೆ ಇಡುತ್ತಿದ್ದದ್ದು ನೀವೇ ಅಲ್ಲವಾ ಎಂದಳು. ಕಲ್ಲು ತೆಗೆಸುತ್ತಿದ್ದೇನೆ ಎಂದು ಹೇಳಿದೆ. ಹೇಳದೆ ಇರಲು ಆಗಲಿಲ್ಲ.

ಅವಳು ಗೆರೆಯ ಮೇಲಿಂದ ಬೆರಳು ತೆಗೆದಳು.

"ನಮ್ಮಪ್ಪ ಅಮ್ಮ ಕೇಳೋಕೆ ಹೆದರಿದ್ರು ಸಾರ್," ಎಂದಳು ಆಮೇಲೆ. "ನಾನು ದೊಡ್ಡವಳಾದ್ಮೇಲೆ ಕೇಳೋಣ ಅಂದ್ರೆ ನೌಕರಿ ಹೋಗತ್ತೆ ಅಂತ ಹೆದರಿಕೆ. ಮಿಸ್ ಒಬ್ರೇ ಕೇಳಿದ್ದು. ಇದನ್ನೂ ತೆಗೆದ್ರೆ, ನನಗೆ ಹೀಗಾಗಿದ್ದಕ್ಕೆ ಯಾರೂ ಏನೂ ಕೇಳಲೇ ಇಲ್ಲ ಅಂತಾಗತ್ತೆ."

ನಾನು ಕಲ್ಲುಕುಟಿಗನ ಮನೆಗೆ ಹೋದೆ. ಆದರೆ ಕೇಳಬೇಕೆಂದಿದ್ದನ್ನು ಕೇಳಲಿಲ್ಲ. ಪತ್ರ ಬರೆಯುತ್ತೇನೆ, ನಿನ್ನ ಹೆಸರು ಹಾಕುವುದಿಲ್ಲ, ನಿನ್ನ ಕೆಲಸಕ್ಕೆ ತೊಂದರೆ ಬರಬಹುದು, ಏನು ಹೇಳುತ್ತೀ ಎಂದೆ. ಅವನು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ. ಮೊಹರು ಬಿದ್ದ ಹಾಳೆಯ ಪ್ರತಿ ಇದೆಯಾ ಎಂದ. ನೋಟೀಸಿನ ಜೊತೆ ಲಗತ್ತಿಸಿ ಕಳಿಸಿದ್ದು ಇದೆ ಎಂದೆ. ಹಾಗಾದರೆ ಬರೆಯಿರಿ, ಸಾಲು ಒಂದೂ ಬಿಡಬೇಡಿ ಎಂದ.

ಆದ್ದರಿಂದ ನನ್ನ ಬೇಡಿಕೆ, ಬಿನ್ನಹ ಅಲ್ಲ, ಬೇಡಿಕೆ, ಇದು. ಕಲ್ಲಿನ ಮೇಲೆ ತಮ್ಮ ಸಹಿ ಇರುವುದು ತಮಗೆ ಅವಮಾನವಾಗಿದ್ದರೆ ಅದನ್ನು ತೆಗೆಸುವ ದಾರಿ ತಮ್ಮ ಕೈಯಲ್ಲೇ ಇದೆ. ಚಾವಣಿಗೆ ಸಹಿ ಹಾಕಿದವರು ಯಾರೆಂದು ಕಡತ ತೆಗೆದು ಊರಿಗೆ ಹೇಳಿ. ಹೇಳಿದ ದಿನವೇ ನಾನು ಹೊಸ ತೆಳು ಹಾಳೆಯಲ್ಲಿ ಆ ಹೆಸರನ್ನು ಬರೆದು, ನಿಯಮದ ಪ್ರಕಾರ ತಮ್ಮ ಮುಂದೆಯೇ ತಂದಿಡುತ್ತೇನೆ. ತಮ್ಮ ಗೆರೆ, ತಮ್ಮ ಷರಾ, ತಮ್ಮ ಸಹಿ ಎಲ್ಲವನ್ನೂ ಉಜ್ಜಿ ತೆಗೆಸುತ್ತೇನೆ. 'ಉತ್ತರ ಬರಲಿಲ್ಲ' ಎಂಬುದನ್ನೂ ತೆಗೆಸಿ 'ಉತ್ತರ ಬಂತು' ಎಂದು ಹಾಕಿಸುತ್ತೇನೆ. ತಡವಾಗಿ ಎಂಬ ಪದವನ್ನು ಕೂಡ ಸೇರಿಸುವುದಿಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದು. ಅಲ್ಲಿಯವರೆಗೆ ಕಲ್ಲು ನಿಂತಲ್ಲೇ ನಿಂತಿರುತ್ತದೆ. ಹೇಳಿದಂತೆ ಕೇಳಿದ ಕಲ್ಲುಕುಟಿಗನ ಪರವಾನಗಿಯ ತಂಟೆಗೆ ಹೋಗಬೇಡಿ. ಕೀಳಲೇಬೇಕೆಂದಿದ್ದರೆ ಆಳುಗಳನ್ನು ಕಳಿಸಬೇಡಿ, ತಾವೇ ಬನ್ನಿ. ಬೆಳಕಿರುವಾಗ ಬನ್ನಿ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಎಡಗೈಯಲ್ಲಿ ಚಿಲ್ಲರೆ ಎಣಿಸುವ ಒಬ್ಬ ಹೆಣ್ಣುಮಗಳು ಇದ್ದಾಳೆ. ದಾರಿಯಲ್ಲೇ ಸಿಗುತ್ತದೆ. ಮೊದಲು ಅಲ್ಲಿ ನಿಂತು, ನಿನ್ನ ಪರವಾಗಿ ಕೇಳಿದ ಒಂದೇ ಪ್ರಶ್ನೆಯನ್ನು ಅಳಿಸಲು ಹೋಗುತ್ತಿದ್ದೇನಮ್ಮಾ ಎಂದು ಅವಳ ಮುಖ ನೋಡಿ ಹೇಳಿ ಬನ್ನಿ. ಹೇಳಲು ಸಾಧ್ಯವಾದರೆ, ಹಾರೆ ನಾನೇ ತಂದುಕೊಡುತ್ತೇನೆ.

ಇಂತಿ,
ಸಾಯುವ ತನಕವಾದರೂ ಮೊಹರಿಲ್ಲದೆ ಮಾತಾಡಬಹುದೆಂದು ನಂಬಿರುವ,
ಒಬ್ಬ ವಿಧುರ